ಆ ನಾಲ್ಕು ಎಲ್ಲಿ ಹೋಯಿತು?

ಪ್ರಿಯ ಓದುಗರೇ,

ನೀವು ಎರಡು ಪ್ರಶ್ನೆ ಕೇಳಿದ್ದೀರಿ. 100 ಇದ್ದದ್ದು ಶೇ. 20ರಷ್ಟು ಏರಿ, ಮತ್ತೆ ಶೇ. 20ರಷ್ಟು ಇಳಿದರೆ 96 ಆಗುತ್ತದಲ್ಲ, ಆ ನಾಲ್ಕು ಎಲ್ಲಿ ಹೋಯಿತು? 1/3 ಅನ್ನು ದಶಮಾಂಶದಲ್ಲಿ ಬರೆದರೆ 0.333... ಎಂದು ಮುಗಿಯುವುದೇ ಇಲ್ಲ, ಅದು ಭಾಗಲಬ್ಧ ಸಂಖ್ಯೆ ಹೇಗಾದೀತು? ಈ ವಯಸ್ಸಿನಲ್ಲಿ ಇಂಥದ್ದನ್ನು ಕೇಳಲು ಸಂಕೋಚ ಎಂದಿದ್ದೀರಿ. ದಯವಿಟ್ಟು ಸಂಕೋಚಪಡಬೇಡಿ. ಲೆಕ್ಕ ಮಾಡುವ ಕ್ರಮವನ್ನು ನಾವೆಲ್ಲ ಕಲಿತೆವು, ಅದು ಹಾಗೇಕೆ ಎಂದು ಕೇಳುವಷ್ಟು ಪುರುಸೊತ್ತು ಹೆಚ್ಚಿನವರಿಗೆ ಸಿಗಲಿಲ್ಲ.

ಎರಡನೆಯದನ್ನು ಮೊದಲು ನೋಡೋಣ. ಎರಡು ಪೂರ್ಣಾಂಕಗಳನ್ನು ಅಂಶ, ಛೇದಗಳಾಗಿ ಇಟ್ಟು ಬರೆಯಬಹುದಾದದ್ದು ಭಾಗಲಬ್ಧ ಸಂಖ್ಯೆ. ಛೇದ ಸೊನ್ನೆಯಾಗಿರಬಾರದು, ಅಷ್ಟೆ. ದಶಮಾಂಶ ಮುಗಿಯಲೇಬೇಕೆಂಬ ಕರಾರು ಅಲ್ಲಿಲ್ಲ. 1/3 ಮುಗಿಯದಿರುವುದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ. ಗಡಿಯಾರದ ಅರವತ್ತರ ಲೆಕ್ಕಕ್ಕೆ ಬನ್ನಿ: ಗಂಟೆಯ ಮೂರನೇ ಒಂದು ಭಾಗ ಸರಿಯಾಗಿ 20 ನಿಮಿಷ! ಇನ್ನು ಒಂದನ್ನು ಏಳರಿಂದ ಭಾಗಿಸುತ್ತ ಹೋಗಿ. ಶೇಷ 1ರಿಂದ 6ರೊಳಗೇ ಇರಬೇಕಾದ್ದರಿಂದ ಹಳೆಯ ಶೇಷವೊಂದು ಮರಳಿ ಬರಲೇಬೇಕು. ಹಾಗಾಗಿಯೇ 142857 ಎಂಬ ಅಂಕಿಗಳು ಸುತ್ತು ಹೊಡೆಯುತ್ತವೆ. 2ರ ವರ್ಗಮೂಲದಲ್ಲಿ ಇಂಥ ಸುತ್ತು ಎಂದೂ ಕಾಣಸಿಗದು, ಅದು ಅಭಾಗಲಬ್ಧ.

ಈಗ ಆ ನಾಲ್ಕು. ಶೇಕಡಾ ಎಂದರೆ ಛೇದ 100 ಆಗಿರುವ ಭಿನ್ನರಾಶಿ. ಆದರೆ ಯಾವುದರ ಶೇಕಡಾ ಎಂದು ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಏರಿದ್ದು 100ರ ಶೇ. 20, ಅಂದರೆ 20. ಇಳಿದದ್ದು 120ರ ಶೇ. 20, ಅಂದರೆ 24. ಭಿನ್ನರಾಶಿಯಲ್ಲಿ ಬರೆದರೆ ಇನ್ನೂ ಸ್ಪಷ್ಟವಾಗುತ್ತದೆ: ಏರಿದಾಗ 6/5ರಿಂದ ಗುಣಿಸಿದಿರಿ, ಇಳಿದಾಗ 4/5ರಿಂದ. ಗುಣಲಬ್ಧ 24/25, ಅಂದರೆ 96/100. ಮೊದಲಿನ 100ಕ್ಕೆ ಮರಳಲು 5/6ರಿಂದ ಗುಣಿಸಬೇಕಿತ್ತು, ಅಂದರೆ ಆರನೇ ಒಂದು ಭಾಗ ಇಳಿಯಬೇಕಿತ್ತು. ಅದನ್ನು ಶೇಕಡಾದಲ್ಲಿ ಹೇಳಹೊರಟರೆ 16.666... ನಿಮ್ಮ ಇನ್ನೊಂದು ಪ್ರಶ್ನೆಯ ಮುಗಿಯದ ಸಾಲು ಇಲ್ಲೂ ಬಂತು ನೋಡಿ. ಶೇಕಡಾ ಗೊಂದಲ ಮಾಡಿದಾಗಲೆಲ್ಲ ನಾನು ಭಿನ್ನರಾಶಿಗೇ ಮರಳುತ್ತೇನೆ.

ನೀವು ಕೇಳದಿದ್ದರೂ ಇದನ್ನು ಹೇಳಬೇಕು. ಬಡ್ಡಿದರ ಶೇ. 4ರಿಂದ ಶೇ. 5ಕ್ಕೆ ಏರಿದರೆ "ಶೇ. 1ರಷ್ಟು ಏರಿಕೆ" ಎಂದು ಬರೆಯುವುದುಂಟು. ಅದೇ ಅಸಲಿಗೆ ಕಟ್ಟುವ ಬಡ್ಡಿ ಮಾತ್ರ ಶೇ. 25ರಷ್ಟು ಹೆಚ್ಚಿರುತ್ತದೆ. ನಮ್ಮ ಪುಟಗಳಲ್ಲೂ ಅಂಥ ಸಾಲು ಕಂಡರೆ ತಪ್ಪದೆ ಬರೆದು ತಿಳಿಸಿ, ತಿದ್ದಿಕೊಳ್ಳುತ್ತೇವೆ.

– ಸಂಪಾದಕ