ಅರ್ಧ ಬರೆದ ಅಧ್ಯಾಯವನ್ನು ತೋರಿಸಬಹುದೇ?

ಪ್ರಶ್ನೆ: ನಾನು ಸಮಾಜಶಾಸ್ತ್ರದ ಆನರ್ಸ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ದುಡಿಯುತ್ತಲೇ ಓದುವ ವಿದ್ಯಾರ್ಥಿಗಳು ಸಮಯವನ್ನು ಹೇಗೆ ಬಳಸುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. 14 ಸಂದರ್ಶನಗಳು ಮುಗಿದಿವೆ, ಆದರೆ ಒಂದು ಅಧ್ಯಾಯವೂ ಪೂರ್ತಿಯಾಗಿಲ್ಲ. ಏನಾದರೂ ಬರೆದುಕೊಂಡು ಬರುವಂತೆ ಮಾರ್ಗದರ್ಶಕರು ಹೇಳಿದ ಮೇಲೆ, ತೋರಿಸುವಂಥದ್ದೇನೂ ಇಲ್ಲವೆಂಬ ಸಂಕೋಚದಿಂದ ಅವರನ್ನು ಕಾಣುವುದನ್ನೇ ಬಿಟ್ಟಿದ್ದೇನೆ. ಸಹಪಾಠಿಗಳು ವಾರಕ್ಕೊಮ್ಮೆ ಸೇರಿ ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ಓದುತ್ತಾರೆ, ನನ್ನನ್ನೂ ಕರೆದಿದ್ದಾರೆ. ಅವರ ನೆರವು ಪಡೆದರೆ ಪ್ರಬಂಧ ನನ್ನದೇ ಎಂದು ಹೇಳಿಕೊಳ್ಳಬಹುದೇ? ಸಲ್ಲಿಕೆಗೆ ನಾಲ್ಕು ತಿಂಗಳು ಉಳಿದಿದೆ.

ಉತ್ತರ: ಈ ವಾರವೇ ಮಾರ್ಗದರ್ಶಕರನ್ನು ಕಾಣಿರಿ. ಅವರು ಕೇಳಿದ್ದು ಮುಗಿದ ಅಧ್ಯಾಯವನ್ನಲ್ಲ, ನಿಮ್ಮ ಯೋಚನೆ ಎಲ್ಲಿಗೆ ಬಂದಿದೆ ಎಂಬುದನ್ನು ತೋರಿಸುವ ಬರಹವನ್ನು. ಒಂದೇ ಪುಟದಲ್ಲಿ ನಿಮ್ಮ ಸಂಶೋಧನಾ ಪ್ರಶ್ನೆ, ಈವರೆಗೆ ಸಿಕ್ಕಿರುವ ಮಾಹಿತಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬ ಎರಡು ವಾಕ್ಯ, ಅವರಿಂದ ನಿರ್ಧಾರವಾಗಬೇಕಾದ ಒಂದೆರಡು ಸಂಗತಿ, ಇಷ್ಟನ್ನು ಬರೆದುಕೊಂಡು ಹೋದರೆ ಅರ್ಧ ಗಂಟೆಯ ಭೇಟಿಯೂ ಸಾರ್ಥಕವಾಗುತ್ತದೆ. ಮುಗಿದ ಅಧ್ಯಾಯದ ಬುಡವನ್ನು ಬದಲಿಸುವಂತೆ ಹೇಳುವುದು ಮಾರ್ಗದರ್ಶಕರಿಗೂ ಕಷ್ಟ, ಕೇಳಿಸಿಕೊಳ್ಳುವುದು ನಿಮಗೂ ಕಷ್ಟ. ಹಾಗಾಗಿ ಅರ್ಧ ಬರೆದದ್ದನ್ನು ತೋರಿಸುವುದೇ ಹೆಚ್ಚು ಉಪಯುಕ್ತ.

ನಿಮ್ಮ ಪತ್ರದಲ್ಲಿ ನನಗೆ ಕಂಡ ನಿಜವಾದ ತೊಡಕು ಬೇರೆ. ಸಮಯದ ಬಳಕೆ ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಕೆಲಸದ ವೇಳೆಯನ್ನು ಕಡಿಮೆ ಮಾಡಿಕೊಳ್ಳಲಾಗದ ವಿದ್ಯಾರ್ಥಿಗಳು ಪರೀಕ್ಷೆ ಹತ್ತಿರವಾದಾಗ ಯಾವ ಓದನ್ನು ಮೊದಲು ಕೈಬಿಡುತ್ತಾರೆ, ಅದನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾರೆ ಎಂದು ಕೇಳಿದರೆ ಅದು 14 ಸಂದರ್ಶನಗಳು ಹೊರಬಲ್ಲ ಪ್ರಶ್ನೆ. ಇನ್ನಷ್ಟು ಸಂದರ್ಶನ ಮಾಡಿದರೆ ದಾರಿ ಕಂಡೀತು ಎಂದು ಅನ್ನಿಸಬಹುದು; ಈ ಹಂತದಲ್ಲಿ ಅದು ಬಹುಮಟ್ಟಿಗೆ ಬರೆಯುವುದನ್ನು ಮುಂದೂಡುವ ಉಪಾಯವೇ ಆಗಿರುತ್ತದೆ. ಪ್ರಶ್ನೆಯನ್ನು ಹೀಗೆ ಕಿರಿದುಗೊಳಿಸುವ ಕೆಲಸದಲ್ಲಿ ಮಾರ್ಗದರ್ಶಕರ ಅನುಭವಕ್ಕೆ ಸಮನಾದುದು ಇಲ್ಲ.

ನಾಲ್ಕು ತಿಂಗಳು ಸಾಕೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕೇಲ್ ರಾಸ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆನರ್ಸ್ ಪ್ರಬಂಧ ಮುಗಿಸುವ ಹಂತದಲ್ಲಿದ್ದ ವಿದ್ಯಾರ್ಥಿಗಳು ತಮಗೆ ಸರಾಸರಿ ಸುಮಾರು 34 ದಿನ ಬೇಕೆಂದು ಅಂದಾಜಿಸಿದ್ದರು. ಎಲ್ಲವೂ ತೀರಾ ಕೆಟ್ಟದಾಗಿ ನಡೆದರೆ ಸುಮಾರು 49 ದಿನ ಎಂದಿದ್ದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಗಮನಿಸಬೇಕಾದದ್ದೇನೆಂದರೆ, ಬೇರೆಯವರ ಕೆಲಸಕ್ಕೆ ಎಷ್ಟು ಸಮಯ ಬೇಕಾದೀತೆಂದು ಅಂದಾಜಿಸಿದವರಲ್ಲಿ ಈ ಅತಿಯಾದ ಭರವಸೆ ಕಾಣಲಿಲ್ಲ. ಆದ್ದರಿಂದ ನಿಮ್ಮ ವೇಳಾಪಟ್ಟಿಯನ್ನು ಸಹಪಾಠಿಗಳ ಮುಂದಿಟ್ಟು, ಇದು ಆಗುವ ಮಾತೇ ಎಂದು ಕೇಳಿರಿ. ಹೋದ ವರ್ಷ ಪ್ರಬಂಧ ಸಲ್ಲಿಸಿದವರೊಬ್ಬರನ್ನೂ ಕೇಳಿದರೆ ಇನ್ನೂ ಒಳ್ಳೆಯದು.

ಗುಂಪಿಗೆ ಧೈರ್ಯವಾಗಿ ಸೇರಿಕೊಳ್ಳಿ. ಮೂರು ನಾಲ್ಕು ಪುಟಗಳನ್ನು ಎರಡು ದಿನ ಮೊದಲೇ ಕಳುಹಿಸಿ, ಚೆನ್ನಾಗಿದೆಯೇ ಎಂದು ಕೇಳುವ ಬದಲು, ವಾದದ ಎಳೆ ಎಲ್ಲಿ ತಪ್ಪಿತು, ಯಾವ ಮಾತಿಗೆ ಆಧಾರ ಸಾಲದು ಎಂದು ಕೇಳಿರಿ. ಅವರು ಹೇಳಿ ಮುಗಿಸುವವರೆಗೆ ಸಮರ್ಥನೆಗೆ ಇಳಿಯಬೇಡಿ. ಬಾಯಲ್ಲಿ ವಿವರಿಸಬೇಕಾಗಿ ಬಂದದ್ದೆಲ್ಲ ಪುಟದಲ್ಲಿ ಇಲ್ಲದ್ದು. ವಿಧಾನದ ಬಗ್ಗೆ ಸಹಪಾಠಿಗಳೂ ಮಾರ್ಗದರ್ಶಕರೂ ಭಿನ್ನವಾಗಿ ಹೇಳಿದರೆ ಮಾರ್ಗದರ್ಶಕರ ಬಳಿಗೇ ಮರಳಿ ಹೋಗಿ ಕಾರಣ ಕೇಳಿ ತಿಳಿಯಿರಿ.

ಇನ್ನು ಪ್ರಾಮಾಣಿಕತೆಯ ಮಾತು. ಈ ಅಳುಕು ನಿಮ್ಮಲ್ಲಿ ಇರುವುದೇ ನನಗೆ ಸಂತೋಷದ ಸಂಗತಿ. ಗೊಂದಲವಿರುವ ಜಾಗವನ್ನು ಬೇರೆಯವರು ತೋರಿಸಿ, ನೀವೇ ತಿದ್ದಿ ಬರೆದರೆ ಪ್ರಬಂಧ ನಿಮ್ಮದೇ. ವಾಕ್ಯಗಳನ್ನು ಅಥವಾ ವಿಶ್ಲೇಷಣೆಯನ್ನು ಅವರೇ ಬರೆದುಕೊಟ್ಟರೆ ಅದು ನಿಮ್ಮದಲ್ಲ. ನಿಮ್ಮ ವಿಭಾಗದ ನಿಯಮ ಏನೆಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ, ಓದಿಕೊಟ್ಟವರನ್ನು ಕೃತಜ್ಞತೆಯ ಪುಟದಲ್ಲಿ ನೆನೆಯಿರಿ. ಆದರೆ ಗುಂಪಿಗೆ ಏನನ್ನು ಕಳುಹಿಸುತ್ತೀರಿ ಎಂಬುದರಲ್ಲಿ ಎಚ್ಚರವಿರಲಿ. ಸಂದರ್ಶನ ಕೊಟ್ಟವರು ನಿಮ್ಮನ್ನು ನಂಬಿ ಮಾತಾಡಿದ್ದಾರೆ, ಅವರಲ್ಲಿ ಕೆಲವರು ನಿಮ್ಮ ಸಹಪಾಠಿಗಳಿಗೂ ಪರಿಚಿತರಿರಬಹುದು. ಹೆಸರುಗಳ ಜೊತೆಗೆ ಗುರುತು ಹತ್ತುವಂಥ ವಿವರಗಳನ್ನೂ ತೆಗೆದುಹಾಕದೆ ಒಂದು ಪುಟವನ್ನೂ ಹಂಚಬೇಡಿ. ಸಂದರ್ಶನದ ಪೂರ್ಣ ಪಠ್ಯವನ್ನಂತೂ ಯಾರಿಗೂ ಕೊಡಬೇಡಿ.

ಬರೆಯುವುದನ್ನು ಸಂಶೋಧನಾ ವಿಧಾನದ ಅಧ್ಯಾಯದಿಂದ ಆರಂಭಿಸಿರಿ. ಯಾರನ್ನು ಆರಿಸಿದಿರಿ, ಹೇಗೆ ಒಪ್ಪಿಗೆ ಪಡೆದಿರಿ, ಏನನ್ನು ಕೇಳಿದಿರಿ ಎಂಬುದೆಲ್ಲ ನಿಮಗೆ ಈಗಾಗಲೇ ಗೊತ್ತಿರುವುದರಿಂದ ಅದು ಬೇಗ ರೂಪ ಪಡೆಯುತ್ತದೆ. ಗುಂಪಿಗೆ ಮೊದಲು ಕಳುಹಿಸುವ ಪುಟಗಳೂ ಅವೇ ಆಗಲಿ.