ಫ್ಲೋಟ್ ಸ್ವಿಚ್ಚಿನ ವಯರ್ ಬೋರ್ಡಿನ ಹತ್ತಿರ ಮತ್ತೆ ಮತ್ತೆ ತುಂಡಾಗುವುದಕ್ಕೆ

ಭಾವ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ತುಂಬುವ ಟ್ಯಾಂಕಿನಲ್ಲಿ ನೀರಿನ ಮಟ್ಟ ನೋಡಿ ಪಂಪ್ ಆನ್-ಆಫ್ ಮಾಡುವ ಫ್ಲೋಟ್ ಸ್ವಿಚ್ಚಿನ ವಯರ್ ಪಂಪಿನ ಕಂಟ್ರೋಲರ್ ಬೋರ್ಡಿನಿಂದ ಎರಡನೇ ಸಲ ಕಿತ್ತು ಬಂತು, ಈ ಸಲ ಬೆಸುಗೆಯ ಸೀಸ ಜಾಸ್ತಿ ಹಾಕಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆಸುಗೆ ಪ್ಯಾಡಿನ (ವಯರ್ ಕೂರುವ, ಬೋರ್ಡಿಗೆ ಅಂಟಿದ ತಾಮ್ರದ ಬಿಲ್ಲೆ) ಮೇಲೆ ಗಟ್ಟಿಯಾಗಿಯೇ ಕೂತಿದೆ. ತುಂಡಾದದ್ದು ಅದರ ಪಕ್ಕ, ವಯರಿನ ಪ್ಲಾಸ್ಟಿಕ್ ಶುರುವಾಗುವಲ್ಲಿ.

ಕರಗಿದ ಸೀಸ ವಯರಿನ ಒಳಗಿನ ತಾಮ್ರದ ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಏರಿದಷ್ಟು ಭಾಗ ಸೆಟೆದು ನಿಲ್ಲುತ್ತದೆ. ಪಂಪ್ ಅದುರಿದರೂ, ಪೆಟ್ಟಿಗೆಯ ಬಾಗಿಲು ತೆಗೆದು ಹಾಕಿದರೂ ವಯರ್ ಬಾಗುವುದು ಆ ಸೆಟೆದ ಭಾಗ ಮುಗಿಯುವಲ್ಲೇ. ಅಲ್ಲೇ ಒಂದೊಂದು ಎಳೆ ಹೋಗುತ್ತದೆ. ಸೀಸ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ.

ಮೊದಲು ಮೈನ್ ಆಫ್ ಮಾಡಿ, ಫ್ಯೂಸ್ ಕೀಳಿ. ಕರೆಂಟ್ ಹಿಡಿದಿಡುವ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ.

ವಯರಿನ ತುದಿ ಬಿಡಿಸಿ ನೋಡಿ. ನಮ್ಮ ಕಾಸರಗೋಡಿನ ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್ಕಿನ ಒಳಗೂ ತಾಮ್ರ ಕಪ್ಪಾಗುತ್ತದೆ. ಕಪ್ಪಾದ ತಾಮ್ರಕ್ಕೆ ಸೀಸ ಹಿಡಿಯುವುದಿಲ್ಲ, ಸುಮ್ನೆ ಉಂಡೆಯಾಗಿ ಉರುಳುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಒಂದಡಿ ಕತ್ತರಿಸಿದರೂ ಕಪ್ಪೇ ಇದ್ದರೆ ವಯರನ್ನೇ ಬದಲಿಸಿ. ಬ್ಲೇಡಿನಿಂದ ಸುಲಿಯುವಾಗ ಎಳೆಗಳು ಗೀರಿ ಹೋಗದಂತೆ ನೋಡಿಕೊಳ್ಳಿ.

ಎಳೆಗಳನ್ನು ಮೊದಲೇ ಇರುವ ಸುತ್ತಿನ ದಿಕ್ಕಿಗೇ ಹೊಸೆಯಿರಿ. ರೋಸಿನ್ ಫ್ಲಕ್ಸ್ (ಸೀಸ ಚೆನ್ನಾಗಿ ಹಿಡಿಯಲು ಸವರುವ ರಾಳ) ಸವರಿ. ಪಾತ್ರೆಗೆ ಬೆಸುಗೆ ಹಾಕುವವರ ಆಸಿಡ್ ಬೋರ್ಡಿಗೆ ಮುಟ್ಟಿಸಲೇಬೇಡಿ, ಆಮೇಲೆ ತಾಮ್ರವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ಕಿನ ಅಂಚಿಗೆ ತಾಗಿ ಬರಿ ತಾಮ್ರವನ್ನು ನೋಸ್ ಪ್ಲೈಯರಿನಲ್ಲಿ ಹಿಡಿಯಿರಿ. ಬಿಸಿ ಅಲ್ಲೇ ಇಳಿದು ಸೀಸ ಮೇಲೆ ಏರುವುದು ನಿಲ್ಲುತ್ತದೆ. 25 ವ್ಯಾಟಿನ ಬೆಸುಗೆ ಐರನ್ ಸಾಕು. ಐರನ್ ಕೆಳಗಿನಿಂದ ಇಟ್ಟು, 60/40 ಸೀಸವನ್ನು (60 ಭಾಗ ತವರ, 40 ಭಾಗ ಸೀಸ ಇರುವ ಬೆಸುಗೆ ತಂತಿ) ಮೇಲಿನಿಂದ ತಾಮ್ರಕ್ಕೆ ಮುಟ್ಟಿಸಿ. ಸೀಸ ತಾಮ್ರದ ಬಿಸಿಗೇ ಕರಗಬೇಕು. ಹಿಡಿದ ಮೇಲೂ ಎಳೆಗಳ ಗೆರೆ ಕಾಣುತ್ತಿದ್ದರೆ ಅಷ್ಟೇ ಸರಿ.

ಪ್ಯಾಡಿನ ಹಳೆ ಸೀಸ ತೆಗೆದು, ವಯರಿನ ತುದಿಯನ್ನು ಅದರ ರಂಧ್ರಕ್ಕೆ ತೂರಿಸಿ. ಐರನ್ ಪ್ಯಾಡಿಗೂ ವಯರಿಗೂ ಒಟ್ಟಿಗೆ ತಾಗಬೇಕು, ಎರಡು ಮೂರು ಸೆಕೆಂಡು. ಜಾಸ್ತಿ ಹೊತ್ತು ಕಾಯಿಸಿದರೆ ಪ್ಯಾಡ್ ಎದ್ದು ಬರುತ್ತದೆ. ಸೀಸ ಗಟ್ಟಿಯಾಗುವ ತನಕ ವಯರ್ ಅಲುಗಿಸಬೇಡಿ. ರಂಧ್ರ ಚಿಕ್ಕದಾಯಿತು ಅಂತ ನಾಲ್ಕು ಎಳೆ ಕತ್ತರಿಸುವವರಿದ್ದಾರೆ, ಹಾಗೆ ಮಾಡಬೇಡಿ.

ಇಷ್ಟು ಮಾಡಿಯೂ ವಯರ್ ಜೋತಾಡುತ್ತಿದ್ದರೆ ಮತ್ತೆ ತುಂಡಾಗುವುದೇ. ಬೋರ್ಡಿನ ಸ್ಕ್ರೂ ರಂಧ್ರ ಖಾಲಿ ಇದ್ದರೆ ಅದಕ್ಕೆ ಕೇಬಲ್ ಟೈ ಹಾಕಿ ಬಿಗಿಯಿರಿ, ಬೆಸುಗೆಗೆ ಎಳೆತ ಬರಬಾರದು. ಪೆಟ್ಟಿಗೆಯ ಒಳಗೆ ಹೋಗುವ ಮೊದಲು ವಯರ್ ಒಮ್ಮೆ ಕೆಳಗೆ ಇಳಿದು ಮೇಲೆ ಬರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಫ್ಲೋಟ್ ಕಡೆ ಸ್ಕ್ರೂ ಕನೆಕ್ಟರ್ ಇದ್ದರೆ ಆ ತುದಿಗೆ ಸೀಸ ಹಾಕಬೇಡಿ. ಒತ್ತಡಕ್ಕೆ ಸೀಸ ಮೆಲ್ಲಗೆ ಚಪ್ಪಟೆಯಾಗಿ ಸ್ಕ್ರೂ ಲೂಸ್ ಆಗುತ್ತದೆ. ಬರಿ ಎಳೆ ಹೊಸೆದು ಬಿಗಿಯಿರಿ, ಇಲ್ಲವೇ ಲಗ್ (ತುದಿಗೆ ಒತ್ತಿ ಕೂರಿಸುವ ಲೋಹದ ಟೋಪಿ) ಹಾಕಿ.

ಬೋರ್ಡಿನ ಅಡಿಭಾಗದ ಫೋಟೋ ಒಂದು ಹಾಕಿ ಭಾವ. ಪ್ಯಾಡ್ ಎದ್ದಿದ್ದರೆ ವಯರನ್ನು ಬೇರೆ ಎಲ್ಲಿಗೆ ಕೊಡಬಹುದು ಅಂತ ನೋಡಿ ಹೇಳುತ್ತೇನೆ.