ಲೋವರ್ ಆರ್ಮ್ ಬುಶ್ ಹತ್ತೇ ತಿಂಗಳಲ್ಲಿ ಹರಿದಿದೆ, ಈ ಸಲ ಯಾವುದನ್ನು ಹಾಕಿಸಲಿ?

ಯಾವ ಬುಶ್ ಅಂತ ಆಮೇಲೆ ನೋಡೋಣ. ಬಿಚ್ಚಿದ ಹಳೆ ಬುಶ್ ಎಲ್ಲಿದೆ? ಗ್ಯಾರೇಜಿನಲ್ಲೇ ಇದ್ದರೆ ಇವತ್ತೇ ಹೋಗಿ ತನ್ನಿ. ಇನ್ನೂ ಬಿಚ್ಚಿಲ್ಲ ಅಂದರೆ, ಬಿಚ್ಚಿದ ಮೇಲೆ ನನಗೇ ಕೊಡಿ ಎಂದು ಈಗಲೇ ಹೇಳಿಡಿ.

ನಿಮ್ಮದು 2013ರ ಸ್ವಿಫ್ಟ್ ಡೀಸೆಲ್, 1.20 ಲಕ್ಷ ಕಿಲೋಮೀಟರ್ ಓಡಿದೆ, ವಾರಕ್ಕೊಮ್ಮೆ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿ ಬರುತ್ತೀರಿ ಎಂದು ಬರೆದಿದ್ದೀರಿ. ಹೋದ ವರ್ಷ ಮುಂದಿನ ಎರಡೂ ಕಡೆ ಲೋವರ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು) ಬುಶ್ ಹಾಕಿಸಿದ್ದು ಹತ್ತು ತಿಂಗಳಲ್ಲಿ ಹರಿಯಿತು. ಒಬ್ಬರು ಪೂರ್ತಿ ಆರ್ಮ್ ಹಾಕಿಸಿ ಅಂದರು, ಇನ್ನೊಬ್ಬರು ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಗಡಸು ಪ್ಲಾಸ್ಟಿಕ್‌ನಂಥ ವಸ್ತುವಿನ ಬುಶ್ ಹಾಕಿಸಿದರೆ ಮತ್ತೆ ಮುಟ್ಟುವ ಹಾಗಿಲ್ಲ ಅಂದರು, ಅಂಗಡಿಯವರು ಅರ್ಧ ಬೆಲೆಯ ಲೋಕಲ್ ಬುಶ್ ತೋರಿಸಿದರು. ಮೂರರಲ್ಲಿ ಯಾವುದು ಎಂಬುದು ನಿಮ್ಮ ಪ್ರಶ್ನೆ.

ನಾನು ಸಕಲೇಶಪುರದಲ್ಲಿ ಲೇತ್ ಅಂಗಡಿ ನಡೆಸುತ್ತೇನೆ. ಗ್ಯಾರೇಜಿನವರು ಆರ್ಮ್ ಬಿಚ್ಚಿಕೊಂಡು ಬರುತ್ತಾರೆ, ನಾನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಳೆ ಬುಶ್ ತೆಗೆದು ಹೊಸದು ಕೂರಿಸಿ ಕೊಡುತ್ತೇನೆ. ಎಸ್ಟೇಟ್ ಜೀಪುಗಳ ಪ್ಲೇಟ್ ಬುಶ್‌ನಿಂದ ಹಿಡಿದು ದೊಡ್ಡ ಕಾರುಗಳ ಬುಶ್ ತನಕ ಎಲ್ಲವೂ ಬರುತ್ತವೆ. ಹಾಗಾಗಿ ಹರಿದ ಬುಶ್‌ಗಳನ್ನು ಜಾಸ್ತಿ ನೋಡಿದ್ದೇನೆ. ಅದು ಯಾಕೆ ಹೋಯಿತು ಎಂಬುದು ಅದರ ಮೈಮೇಲೇ ಇರುತ್ತದೆ. ಅದನ್ನು ನೋಡದೆ ಹೊಸದು ಹಾಕಿಸಿದರೆ, ಎಷ್ಟೇ ದುಬಾರಿ ಬುಶ್ ತಂದರೂ ಅದೇ ದಾರಿ ಹಿಡಿಯುತ್ತದೆ.

ಬುಶ್ ಅಂದರೆ ಒಂದು ಸಣ್ಣ ಕಬ್ಬಿಣದ ಪೈಪು, ಅದರ ಸುತ್ತ ರಬ್ಬರು, ಹೊರಗೆ ಇನ್ನೊಂದು ಪೈಪು. ರಬ್ಬರು ಎರಡೂ ಪೈಪಿಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಪೈಪು ಚಾಸಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ, ತಿರುಗುವುದಿಲ್ಲ. ಹೊರಗಿನ ಪೈಪು ಆರ್ಮ್ ಜೊತೆ ಏರಿಳಿಯುತ್ತದೆ. ಹಾಗಾದರೆ ನಡುವೆ ತಿರುಚಿಕೊಳ್ಳುವುದು ಯಾವುದು? ರಬ್ಬರು. ಬಾಗಿಲಿನ ತಿರುಗಣಿ ಹಾಗೆ ಇಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರು ತಿರುಚಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ, ಪ್ರತಿ ಗುಂಡಿಗೂ, ಪ್ರತಿ ರಸ್ತೆ ಉಬ್ಬಿಗೂ. ಇದೊಂದು ಮನಸ್ಸಿನಲ್ಲಿರಲಿ, ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಈಗ ಹಳೆ ಬುಶ್ ಕೈಯಲ್ಲಿ ಹಿಡಿದು ನೋಡಿ.

ರಬ್ಬರು ಉಬ್ಬಿದೆ, ಅಂಟಂಟಾಗಿದೆ, ಉಗುರಿನಲ್ಲಿ ಒತ್ತಿದರೆ ಕಪ್ಪು ಕೈಗೆ ಬರುತ್ತದೆ ಅಂದರೆ ಆಯಿಲ್ ಬಿದ್ದಿದೆ. ನೈಸರ್ಗಿಕ ರಬ್ಬರಿಗೆ ಎಂಜಿನ್ ಆಯಿಲ್, ಡೀಸೆಲ್, ಗ್ರೀಸ್ ಮೂರೂ ಆಗಿಬರುವುದಿಲ್ಲ. ಒಂದೇ ಕಡೆಯ ಬುಶ್ ಹೀಗಾಗಿದ್ದರೆ ಅದರ ಮೇಲ್ಗಡೆ ಎಲ್ಲಿ ಸೋರುತ್ತಿದೆ ನೋಡಿಸಿ. ಆಯಿಲ್ ಸೀಲ್ ಬದಲಿಸದೆ ಬುಶ್ ಮಾತ್ರ ಬದಲಿಸಿದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ. ಬುಶ್ ಕೂರಿಸುವಾಗ ಸುಲಭವಾಗಲಿ ಎಂದು ಗ್ರೀಸ್ ಸವರುವವರೂ ಇದ್ದಾರೆ. ಬೇಡ ಅನ್ನಿ. ಜಾರಲೇಬೇಕು ಅಂದರೆ ಸೋಪಿನ ನೀರು ಸಾಕು.

ರಬ್ಬರು ಗಟ್ಟಿಯಾಗಿ, ಮೇಲೆಲ್ಲ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಅದು ವಯಸ್ಸು. ಕಂಪನಿಯಿಂದ ಬಂದ ಬುಶ್ ವರ್ಷಗಟ್ಟಲೆ ಓಡಿ ಹೀಗಾದರೆ ಯಾರ ತಪ್ಪೂ ಅಲ್ಲ. ಮೇಲ್ಮೈ ಬಿರುಕನ್ನೇ ನೋಡಿ ಹೆದರುವುದೂ ಬೇಡ. ಕಬ್ಬಿಣದಿಂದ ರಬ್ಬರು ಬಿಟ್ಟುಕೊಂಡಿದೆಯಾ, ಬಿರುಕಿನೊಳಗೆ ಸ್ಕ್ರೂಡ್ರೈವರ್ ತುದಿ ಇಳಿಯುತ್ತದಾ ಎಂಬುದು ಮುಖ್ಯ. ಆದರೆ ಹತ್ತು ತಿಂಗಳಿಗೇ ಹೀಗಾಗಿದ್ದರೆ ಮಾಲೇ ಸರಿ ಇರಲಿಲ್ಲ.

ಇನ್ನು ಮೂರನೆಯದು. ನಿಮ್ಮದು ಇದೇ ಇರಬೇಕು ಎಂದು ನನ್ನ ಅನಿಸಿಕೆ. ಯಾಕಂದರೆ ಎರಡೂ ಕಡೆ ಒಟ್ಟಿಗೆ ಹೋಗಿದೆ. ರಬ್ಬರು ನೋಡಲು ಇನ್ನೂ ಹೊಸದರ ಹಾಗೆ ಇರುತ್ತದೆ. ಕರ್ರಗೆ, ಮೆತ್ತಗೆ. ಆದರೆ ಒಳಗಿನ ಪೈಪಿನ ಸುತ್ತ ಕಿತ್ತುಕೊಂಡು ಬಂದಿರುತ್ತದೆ. ಇದು ರಬ್ಬರಿನ ದೋಷ ಅಲ್ಲ, ಬೋಲ್ಟ್ ಬಿಗಿದ ರೀತಿಯ ದೋಷ.

ಏನಾಗುತ್ತದೆ ಅಂದರೆ, ಕಾರನ್ನು ಜಾಕ್ ಮೇಲೆ ಎತ್ತಿರುತ್ತಾರೆ. ಚಕ್ರ ಬಿಚ್ಚಿದೆ, ಆರ್ಮ್ ಕೆಳಗೆ ಜೋತು ಬಿದ್ದಿದೆ. ಅದೇ ಸ್ಥಿತಿಯಲ್ಲಿ ಬೋಲ್ಟ್ ಪೂರ್ತಿ ಟೈಟ್ ಮಾಡುತ್ತಾರೆ. ಒಳಗಿನ ಪೈಪು ಆ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಕಾರು ಇಳಿಸಿದಾಗ ಆರ್ಮ್ ಮೇಲಕ್ಕೆ ಬರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ಕಾರು ಮನೆ ಮುಂದೆ ಸುಮ್ನೆ ನಿಂತಿದ್ದರೂ ಅದು ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಒಂದು ಗುಂಡಿ ಬಂದರೆ ಇನ್ನಷ್ಟು ತಿರುಚಬೇಕು. ಒದ್ದೆ ಬಟ್ಟೆಯನ್ನು ಹಿಂಡಿದ ಮೇಲೆ ಮತ್ತೊಂದು ಸುತ್ತು ಹಿಂಡಿದ ಹಾಗೆ. ಎಷ್ಟು ದಿನ ತಡೆದೀತು?

ಸರಿಯಾದ ಕ್ರಮ ಇಷ್ಟೇ. ಬೋಲ್ಟ್ ಹಾಕಿ ಕೈಬಿಗಿ ಮಾತ್ರ ಮಾಡಬೇಕು. ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಬೇಕು. ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಡಬೇಕು. ಆಮೇಲೆ ಪಿಟ್ ಒಳಗಿನಿಂದ ಅಥವಾ ನಾಲ್ಕು ಚಕ್ರವೂ ಮೇಲೆ ನಿಲ್ಲುವ ಲಿಫ್ಟ್‌ನಲ್ಲಿ ಟಾರ್ಕ್ ರೆಂಚ್ ಹಿಡಿದು ಟೈಟ್ ಮಾಡಬೇಕು. ಪಿಟ್ ಇಲ್ಲದ ಗ್ಯಾರೇಜಿನಲ್ಲಿ, ಕಾರು ಸ್ಟ್ಯಾಂಡ್ ಮೇಲಿದ್ದಾಗಲೇ ಆರ್ಮ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಕಾರಿನ ಭಾರ ಆರ್ಮ್ ಮೇಲೆ ಬರುವ ತನಕ ಎತ್ತಿ ಬಿಗಿಯಬಹುದು. ಬೋಲ್ಟ್ ಅಡ್ಡ ಮಲಗಿರುವ ಬುಶ್‌ಗೆ ಇದು ಬಹಳ ಮುಖ್ಯ. ಕೆಲವು ಕಾರುಗಳಲ್ಲಿ ಹಿಂದಿನ ಬುಶ್‌ನ ಬೋಲ್ಟ್ ನೆಟ್ಟಗೆ ನಿಂತಿರುತ್ತದೆ, ಅದಕ್ಕೆ ಈ ತೊಂದರೆ ಅಷ್ಟಿಲ್ಲ.

ನನ್ನ ಸ್ವಂತ ಕಾರಿನಲ್ಲೇ ಇದು ಆಗಿದೆ. ಬುಶ್ ನಾನೇ ಪ್ರೆಸ್ ಮಾಡಿ ಕೊಟ್ಟೆ, ಒರಿಜಿನಲ್ ಮಾಲು. ಗ್ಯಾರೇಜಿನಲ್ಲಿ ಫಿಟ್ ಮಾಡುವಾಗ ನಾನು ಅಲ್ಲಿರಲಿಲ್ಲ. ಎಂಟು ತಿಂಗಳಿಗೆ ಮತ್ತೆ ಸದ್ದು ಶುರುವಾಯಿತು. ಎರಡನೇ ಸಲ ಅದೇ ಬುಶ್ ತರಿಸಿ, ಪಕ್ಕದಲ್ಲೇ ನಿಂತು, ಕಾರು ನೆಲದ ಮೇಲಿದ್ದಾಗ ಬಿಗಿಸಿದೆ. ನಾಲ್ಕನೇ ವರ್ಷ ನಡೆಯುತ್ತಿದೆ, ಇನ್ನೂ ಗಟ್ಟಿಯಾಗಿದೆ. ಅವತ್ತಿನಿಂದ ಆರ್ಮ್ ತಂದ ಪ್ರತಿಯೊಬ್ಬರಿಗೂ ಇದನ್ನು ಹೇಳಿಯೇ ಕಳಿಸುತ್ತೇನೆ.

ಈಗ ಪಾಲಿಯುರೆಥೇನ್ ವಿಷಯ. ಅದು ಕೆಟ್ಟ ವಸ್ತು ಅಲ್ಲ. ಇಂಗ್ಲೆಂಡಿನ ಪವರ್‌ಫ್ಲೆಕ್ಸ್, ಆಸ್ಟ್ರೇಲಿಯಾದ ಸೂಪರ್‌ಪ್ರೋ ಮುಂತಾದವರು ಒಳ್ಳೆಯದನ್ನೇ ಮಾಡುತ್ತಾರೆ. ಆಯಿಲ್ ಬಿದ್ದರೂ ರಬ್ಬರಿನಷ್ಟು ಬೇಗ ಹಾಳಾಗುವುದಿಲ್ಲ. ಅದರಲ್ಲಿ ಒಳಪೈಪು ಅಂಟಿರುವುದಿಲ್ಲ, ಜಾರುತ್ತಾ ತಿರುಗುತ್ತದೆ, ಹಾಗಾಗಿ ತಿರುಚಿ ಹರಿಯುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಜಾರಬೇಕು ಅಂದರೆ ಗ್ರೀಸ್ ಬೇಕು, ಅದೂ ಅವರೇ ಹೇಳುವ ಬಗೆಯದು. ಘಾಟಿಯ ಮಳೆಯಲ್ಲಿ, ಕೆಸರಿನಲ್ಲಿ ಆ ಗ್ರೀಸ್ ತೊಳೆದುಹೋದರೆ ಕಿರ್ ಕಿರ್ ಸದ್ದು ಶುರು. ಆಗಾಗ ಬಿಚ್ಚಿ ಗ್ರೀಸ್ ಹಾಕಿಸುವ ತಾಳ್ಮೆ ನಿಮಗಿದೆಯಾ?

ಇನ್ನೊಂದು ಸಂಗತಿ ಗಡಸುತನ. ಶೋರ್ ಎ ಎಂಬ ಅಳತೆಯಲ್ಲಿ ಸಾಮಾನ್ಯ ರಬ್ಬರ್ ಬುಶ್ 50ರಿಂದ 70ರೊಳಗೆ ಇರುತ್ತದೆ. ಪಾಲಿ ಬುಶ್ ಹೆಚ್ಚಾಗಿ 80ರ ಮೇಲೆ, ರೇಸಿಗೆ ಮಾಡಿದ್ದು 95ರ ತನಕ. ಗಡಸು ಅಂದರೆ ಗಟ್ಟಿ, ಗಟ್ಟಿ ಅಂದರೆ ಬಾಳಿಕೆ ಎಂದು ಅನಿಸುತ್ತದೆ ಅಲ್ವಾ? ಆದರೆ ನಿಮ್ಮ ಆರ್ಮ್‌ನ ಎರಡು ಬುಶ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಚಿಕ್ಕದು, ಬಿಗಿಯಾದದ್ದು. ಅದು ಸ್ಟೇರಿಂಗ್ ನೆಟ್ಟಗಿಡಲು. ಹಿಂದಿನದು ದೊಡ್ಡದು, ಮೆತ್ತಗಿನದು. ಇಂಥ ಬುಶ್‌ನ ರಬ್ಬರಿನಲ್ಲಿ ಬೇಕೆಂದೇ ಖಾಲಿ ಜಾಗ ಬಿಟ್ಟಿರುವುದೂ ಉಂಟು. ಚಕ್ರ ಗುಂಡಿಗೆ ಬಡಿದಾಗ ಒಂದಿಷ್ಟು ಹಿಂದಕ್ಕೆ ಸರಿಯಲಿ, ಆ ಹೊಡೆತ ಬಾಡಿಗೆ ಹೋಗದಿರಲಿ ಎಂದು. ಆ ಮೆತ್ತಗಿನ ಗುಣವನ್ನು ತುಂಬಾ ಯೋಚಿಸಿ ಇಟ್ಟಿದ್ದಾರೆ. ಅಲ್ಲಿ ಗಡಸು ಬುಶ್ ಹಾಕಿದರೆ ಹೊಡೆತ ಮಾಯವಾಗುವುದಿಲ್ಲ, ಚಾಸಿಗೆ, ಬಾಲ್ ಜಾಯಿಂಟಿಗೆ (ಆರ್ಮ್ ತುದಿಯಲ್ಲಿ ಚಕ್ರದ ಕಡೆ ಇರುವ ಗುಂಡು ಕೀಲು), ನಿಮ್ಮ ಸೊಂಟಕ್ಕೆ ಹಂಚಿಹೋಗುತ್ತದೆ. ವಾರವಾರ ಘಾಟ್ ಹತ್ತಿಳಿಯುವ, ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ನಾನಂತೂ ಹಾಕಿಸುವುದಿಲ್ಲ. ಪಾಲಿ ಹಾಕಿಸಿ ನೋಡಲೇಬೇಕು ಎಂಬ ಆಸೆ ಇದ್ದರೆ ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸಲಾಕೆ) ಬುಶ್‌ನಲ್ಲಿ ಹಾಕಿಸಿ, ಅಲ್ಲಿ ತೊಂದರೆ ಕಡಿಮೆ. ಹಿಂದಿನ ಆಕ್ಸಲ್ ಬುಶ್‌ಗೆ ಮಾತ್ರ ಖಂಡಿತ ಬೇಡ. ಸ್ವಿಫ್ಟ್‌ನ ಹಿಂದಿನ ಆಕ್ಸಲ್ ಮೈಯೇ ತಿರುಚಿಕೊಳ್ಳುವ ಬಗೆಯದು, ಅದರ ಬುಶ್ ಹಲವು ದಿಕ್ಕಿಗೆ ಬಾಗಬೇಕಾಗುತ್ತದೆ.

ನೀವು ಶಿರಾಡಿ ಇಳಿದು ನೆಲ್ಯಾಡಿ ಕಡೆ ಹೋಗುವಾಗ ರಬ್ಬರ್ ತೋಟಗಳು ಕಾಣುತ್ತವೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯೂ ಇವೆ. ಮರಕ್ಕೆ ಗೀರು ಹಾಕಿ ತೆಗೆಯುವ ಆ ಹಾಲಿನಿಂದ ಬರುವ ರಬ್ಬರಿಗೆ ಒಂದು ದೊಡ್ಡ ಗುಣ ಇದೆ. ಜೋರಾಗಿ ಎಳೆದಾಗ ಎಳೆದ ಜಾಗದಲ್ಲೇ ಅದರ ಎಳೆಗಳು ಸಾಲುಗಟ್ಟಿ ಗಟ್ಟಿಯಾಗುತ್ತವೆ, ಬಿರುಕು ಮುಂದೆ ಹರಿಯದಂತೆ ತಡೆಯುತ್ತವೆ. ಬಿಟ್ಟ ಕೂಡಲೇ ಮತ್ತೆ ಮೆತ್ತಗಾಗುತ್ತವೆ. ಇಷ್ಟೆಲ್ಲ ಹೊಸ ವಸ್ತುಗಳು ಬಂದರೂ ಬುಶ್‌ಗೆ ಇನ್ನೂ ನೈಸರ್ಗಿಕ ರಬ್ಬರನ್ನೇ ನೆಚ್ಚಿಕೊಳ್ಳುವುದು ಅದಕ್ಕೇ. ನಮ್ಮ ಪಕ್ಕದ ತೋಟದಲ್ಲೇ ಬೆಳೆಯುವ ಮಾಲು ಇದು ಎಂದು ನನಗೆ ತುಂಬಾ ಖುಷಿ.

ಅರ್ಧ ಬೆಲೆಯ ಬುಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಬ್ಬರಿನ ಗುಣ ಹೊರಗಿನಿಂದ ಕಾಣುವುದಿಲ್ಲ. ಅಂಟು ಹೇಗಿದೆ ಎಂಬುದೂ ಕಾಣುವುದಿಲ್ಲ. ಪ್ರೆಸ್‌ನಲ್ಲಿ ಮಾತ್ರ ಒಂದು ವಿಷಯ ಗೊತ್ತಾಗುತ್ತದೆ: ಕೆಲವು ಲೋಕಲ್ ಬುಶ್ ಬೆಣ್ಣೆಯ ಹಾಗೆ ಸಲೀಸಾಗಿ ಒಳಗೆ ಹೋಗಿಬಿಡುತ್ತವೆ. ಅಂದರೆ ಹೊರಗಿನ ಪೈಪಿನ ಅಳತೆ ಸಡಿಲ. ಅಂಥದ್ದು ಆರ್ಮ್ ಒಳಗೇ ತಿರುಗಲು ಶುರುಮಾಡುತ್ತದೆ. ಕಂಪನಿಯ ಒರಿಜಿನಲ್ ತೆಗೆದುಕೊಳ್ಳಿ. ಅದು ಸಿಗದಿದ್ದರೆ ನಿಮ್ಮ ಮೆಕ್ಯಾನಿಕ್ ಹಲವು ಕಾರುಗಳಿಗೆ ಹಾಕಿ ನೋಡಿದ ಹೆಸರಾಂತ ಬ್ರ್ಯಾಂಡ್ ಆಗಬಹುದು. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಬರೆಸಿಕೊಳ್ಳಿ, ‘ಸ್ವಿಫ್ಟ್ ಬುಶ್ ಕೊಡಿ’ ಎಂದು ಕೇಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೂ ಆ ನಂಬರನ್ನೇ ಹೇಳಿ. ಪ್ಯಾಕೆಟ್ ಮೇಲೆ ತಿಂಗಳು, ವರ್ಷ ಇರುತ್ತದೆ, ನೋಡಿ. ಕಪಾಟಿನಲ್ಲಿ ಕೂತಲ್ಲೇ ರಬ್ಬರಿಗೆ ವಯಸ್ಸಾಗುತ್ತದೆ.

ಪೂರ್ತಿ ಆರ್ಮ್ ಬೇಕಾ? ಅದನ್ನು ಬಾಲ್ ಜಾಯಿಂಟ್ ನಿರ್ಧರಿಸುತ್ತದೆ. ಅದರ ರಬ್ಬರ್ ಬೂಟ್ ಹರಿದಿದ್ದರೆ ಅಥವಾ ಸ್ವಲ್ಪವಾದರೂ ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ, 1.20 ಲಕ್ಷ ಓಡಿದ ಆರ್ಮ್‌ಗೆ ಮತ್ತೆ ಬುಶ್ ಹೊಡೆಸುವುದರಲ್ಲಿ ಅರ್ಥವಿಲ್ಲ, ಪೂರ್ತಿ ಬದಲಿಸಿ. ಆರ್ಮ್ ಎಲ್ಲಾದರೂ ಸುಕ್ಕುಗಟ್ಟಿದ್ದರೆ, ಬಾಗಿದ್ದರೆ, ಬುಶ್ ಕೂರುವ ಕಣ್ಣು ಹಿಗ್ಗಿದ್ದರೂ ಅಷ್ಟೇ. ಹಿಂದಿನ ಸಲ ಸುತ್ತಿಗೆಯಲ್ಲಿ ಬಡಿದು ಬುಶ್ ಕೂರಿಸಿದ್ದರೆ ಆ ಕಣ್ಣನ್ನು ಚೆನ್ನಾಗಿ ನೋಡಿಸಿ. ಗ್ಯಾಸ್ ಕಟರ್‌ನಲ್ಲಿ ಹಳೆ ರಬ್ಬರ್ ಸುಟ್ಟು ತೆಗೆಯುವವರೂ ಇದ್ದಾರೆ. ಪೇಂಟ್ ಹೋಗಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಇವೆಲ್ಲ ಸರಿ ಇದ್ದರೆ ಬುಶ್ ಮಾತ್ರ ಸಾಕು. ಅಗ್ಗದ ಪೂರ್ತಿ ಆರ್ಮ್‌ಗಿಂತ, ಕಾರಿನ ಜೊತೆ ಬಂದ ಹಳೆ ಆರ್ಮ್‌ಗೆ ಒರಿಜಿನಲ್ ಬುಶ್ ಹಾಕಿಸುವುದು ಮೇಲು. ಅಗ್ಗದ ಆರ್ಮ್‌ನಲ್ಲಿ ಇರುವುದೂ ಅದೇ ಅಗ್ಗದ ಬುಶ್.

ಪ್ರೆಸ್ ಮಾಡಿಸುವ ಮೊದಲು, ಹಳೆ ಬುಶ್ ಯಾವ ದಿಕ್ಕಿಗೆ ಕೂತಿತ್ತು ಎಂದು ಆರ್ಮ್ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿಸಿ. ಖಾಲಿ ಜಾಗ ಇರುವ ಬುಶ್ ಅಡ್ಡಡ್ಡ ಕೂತರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ. ಎಷ್ಟೋ ಸಲ ಗುರುತಿಲ್ಲದ ಆರ್ಮ್ ತಂದುಕೊಟ್ಟು ನೀವೇ ನೋಡಿ ಹಾಕಿ ಅನ್ನುತ್ತಾರೆ. ಆಗ ಇನ್ನೊಂದು ಕಡೆಯ ಆರ್ಮ್ ತರಿಸಿ, ಹೋಲಿಸಿ ನೋಡದೆ ನಾನು ಮುಟ್ಟುವುದಿಲ್ಲ. ಎರಡೂ ಕಡೆ ಒಟ್ಟಿಗೇ ಬದಲಿಸಿ. ಆದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಟೈರಿನ ಅಂಚು ತಿಂದುಹಾಕುತ್ತದೆ.

ದುಡ್ಡು ಕೊಡುವ ಮೊದಲು ಸದ್ದು ಬುಶ್‌ನದೇ ಎಂದು ಖಾತ್ರಿ ಮಾಡಿಕೊಳ್ಳಿ. ಖಾಲಿ ಜಾಗದಲ್ಲಿ ನಿಧಾನ ರಿವರ್ಸ್ ಬಂದು ಬ್ರೇಕ್ ಒತ್ತಿ. ಹಾಗೇ ಮುಂದಕ್ಕೆ ಹೋಗಿ ಒತ್ತಿ. ಪ್ರತಿ ಸಲ ‘ದಡ್’ ಎಂದು ಒಂದೇ ಸದ್ದು ಬಂದರೆ ಲೋವರ್ ಆರ್ಮ್ ಬುಶ್ ಮೇಲೆ ಅನುಮಾನ ಪಡಬಹುದು. ಕೆಟ್ಟ ರಸ್ತೆಯಲ್ಲಿ ನಿಧಾನ ಹೋಗುವಾಗ ‘ಟಕ ಟಕ’ ಎಂದು ಬರುತ್ತಿದ್ದರೆ ಮೊದಲು ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರ್‌ನ ತುದಿಗೆ ಜೋಡಿಸುವ ಸಣ್ಣ ಕೋಲು) ನೋಡಿಸಿ, ಅದರ ಕೆಲಸ ಬಹಳ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಹಳೆ ಬುಶ್ ಸಿಕ್ಕಿದ ಮೇಲೆ ಎರಡೂ ಬದಿಯಿಂದ ಬೆಳಕಿನಲ್ಲಿ ಫೋಟೋ ತೆಗೆದು ಹಾಕಿ. ಒಳಪೈಪಿನ ಸುತ್ತಲಿನ ರಬ್ಬರು ಸರಿಯಾಗಿ ಕಾಣಬೇಕು. ನೋಡಿ ಹೇಳುತ್ತೇನೆ.